ಸ್ಟೆಫಿ ಜೋನ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನಿಯ ಮಹಿಳಾ ಫುಟ್‌ಬಾಲ್ ಅಂದ ಕೂಡಲೇ ಬಿರ್ಗಿಟ್ ಪ್ರಿನ್ಸ್ ಹೆಸರು ಬರುತ್ತದೆ, ಬರಬೇಕಾದ್ದೇ. ಅದೇ ತಂಡದ ಹಿಂದಿನ ಸಾಲಿನಲ್ಲಿ ನಿಂತು ಆಡಿದ ಸ್ಟೆಫಿ ಜೋನ್ಸ್ ಮಾತು ಬಂದರೆ ಮಾತ್ರ ಬರೀ ಪ್ರಶ್ನೆಗಳು. ಕೆಲವರು 2003ರ ಫೈನಲ್ ಬಗ್ಗೆ ಕೇಳುತ್ತಾರೆ, ಜಾಸ್ತಿ ಜನ 2018ರಲ್ಲಿ ಕೋಚ್ ಕೆಲಸ ಹೋದದ್ದರ ಬಗ್ಗೆ. ಪದೇ ಪದೇ ಬಂದವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ, ಕೇಳಿದವರ ಮಾತಿನಲ್ಲೇ. ಹೊಸಬರು ಮೇಲಿನಿಂದ ಓದಿ. ಆಟ ಚೆನ್ನಾಗಿ ಗೊತ್ತಿರುವವರು ನೇರ ಕೊನೆಯ ಭಾಗಕ್ಕೆ ಹೋದರೂ ನಡೆಯುತ್ತೆ.

## ಮೊದಲ ಪರಿಚಯ

ಸ್ಟೆಫಿ ಅಂದ್ರೆ ಟೆನಿಸ್ ಆಡ್ತಿದ್ರಲ್ಲ, ಅವರಲ್ವಾ?

ಅಲ್ಲ, ಅವರು ಸ್ಟೆಫಿ ಗ್ರಾಫ್. ನಮ್ಮಲ್ಲಿ ಆ ಹೆಸರು ಎಷ್ಟು ಗಟ್ಟಿಯಾಗಿ ಕೂತಿದೆ ಅಂದ್ರೆ ಈ ಪ್ರಶ್ನೆ ಬರದೇ ಇರುವುದಿಲ್ಲ. ಸ್ಟೆಫಿ ಜೋನ್ಸ್ ಫುಟ್‌ಬಾಲ್ ಆಟಗಾರ್ತಿ, ಡಿಫೆಂಡರ್. ಹುಟ್ಟಿದ್ದು 1972ರ ಡಿಸೆಂಬರ್ 22ರಂದು, ಫ್ರಾಂಕ್‌ಫರ್ಟ್‌ನಲ್ಲಿ. ಜರ್ಮನಿ ಪರ 111 ಪಂದ್ಯ ಆಡಿ 9 ಗೋಲು ಹೊಡೆದಿದ್ದಾರೆ. ಒಂದು ವಿಶ್ವಕಪ್ (2003), ಮೂರು ಯೂರೋ ಕಪ್ (1997, 2001, 2005), ಎರಡು ಒಲಿಂಪಿಕ್ ಕಂಚು (2000, 2004). ಆಟ ಬಿಟ್ಟ ಮೇಲೆ ಒಂದು ವಿಶ್ವಕಪ್ ಸಂಘಟಿಸಿದರು, ಆಮೇಲೆ ರಾಷ್ಟ್ರೀಯ ತಂಡದ ಕೋಚ್ ಆದರು.

ಜೋನ್ಸ್ ಅನ್ನೋದು ಜರ್ಮನ್ ಹೆಸರಲ್ಲವಲ್ಲ, ಅಮೆರಿಕದವರಾ?

ಅಪ್ಪ ಅಮೆರಿಕದವರು, ಕಪ್ಪು ವರ್ಣೀಯರು, ಸೈನಿಕರಾಗಿದ್ದವರು. ಅಮ್ಮ ಜರ್ಮನ್. ಎರಡನೇ ಮಹಾಯುದ್ಧ ಮುಗಿದು ಎಷ್ಟೋ ವರ್ಷ ಆದ ಮೇಲೂ ಫ್ರಾಂಕ್‌ಫರ್ಟ್ ಸುತ್ತಮುತ್ತ ಅಮೆರಿಕದ ಸೇನೆ ದೊಡ್ಡ ಸಂಖ್ಯೆಯಲ್ಲಿತ್ತು. ಹೀಗಾಗಿ ಇಂಥ ಕುಟುಂಬಗಳು ಅಲ್ಲಿ ಹೊಸದೇನಲ್ಲ. ಅಪ್ಪ ಮನೆ ಬಿಟ್ಟು ಹೋದಾಗ ಸ್ಟೆಫಿ ಇನ್ನೂ ಚಿಕ್ಕವರು. ಮಕ್ಕಳನ್ನು ಬೆಳೆಸಿದ್ದು ಅಮ್ಮ, ಊರಿನ ಉತ್ತರಕ್ಕಿರುವ ಬೋನಾಮೆಸ್ ಅನ್ನುವ ಬಡಾವಣೆಯಲ್ಲಿ. ಚಿಕ್ಕಂದಿನಲ್ಲಿ ಬಣ್ಣದ ಕಾರಣಕ್ಕೆ ಕೇಳಿಸಿಕೊಂಡ ಮಾತುಗಳ ಬಗ್ಗೆ ಅವರು ಮುಂದೆ ಬಾಯಿಬಿಟ್ಟು ಹೇಳಿಕೊಂಡಿದ್ದಾರೆ. ಆಡಿದ್ದು ಮಾತ್ರ ಯಾವಾಗಲೂ ಜರ್ಮನಿಗೇ.

ಆ ಕಾಲದಲ್ಲಿ ಹುಡುಗಿಯರು ಫುಟ್‌ಬಾಲ್ ಆಡೋದು ಜರ್ಮನಿಯಲ್ಲಿ ಮಾಮೂಲಿಯಾಗಿತ್ತಾ?

ಎಲ್ಲಿ ಬಂತು! 1955ರಲ್ಲಿ ಜರ್ಮನ್ ಫುಟ್‌ಬಾಲ್ ಸಂಸ್ಥೆ, ಅಂದರೆ ಡಿಎಫ್‌ಬಿ, ತನ್ನ ಕ್ಲಬ್‌ಗಳಲ್ಲಿ ಹೆಂಗಸರು ಆಡುವುದನ್ನೇ ನಿಷೇಧಿಸಿತ್ತು. ಅದು ತೆರವಾಗಿದ್ದು 1970ರಲ್ಲಿ. ಸ್ಟೆಫಿ ಹುಟ್ಟಿದ್ದು ಅದಾದ ಎರಡೇ ವರ್ಷಕ್ಕೆ. ರಾಷ್ಟ್ರೀಯ ಮಹಿಳಾ ತಂಡ ಮೊದಲ ಪಂದ್ಯ ಆಡಿದ್ದು 1982ರಲ್ಲಿ, ಸ್ವಿಟ್ಜರ್ಲೆಂಡ್ ವಿರುದ್ಧ. 1989ರಲ್ಲಿ ಅದೇ ತಂಡ ಯೂರೋ ಕಪ್ ಗೆದ್ದಾಗ ಡಿಎಫ್‌ಬಿ ಆಟಗಾರ್ತಿಯರಿಗೆ ಬಹುಮಾನ ಅಂತ ಕೊಟ್ಟಿದ್ದು ಕಾಫಿ ಸೆಟ್ಟು. ಕಪ್ಪು, ಸಾಸರು, ಹೂವಿನ ಚಿತ್ತಾರ. ಇದನ್ನು ಹೇಳಿದರೆ ಜನ ನಂಬುವುದಿಲ್ಲ, ಆದರೆ ಜರ್ಮನಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಕಥೆ.

ಮಹಿಳೆಯರ ಬುಂಡೆಸ್‌ಲಿಗಾ ಶುರುವಾಗಿದ್ದು 1990ರಲ್ಲಿ. ಅಲ್ಲಿವರೆಗೆ ರಾಷ್ಟ್ರಮಟ್ಟದ ಲೀಗೇ ಇರಲಿಲ್ಲ. ಸ್ಟೆಫಿ ಎಸ್‌ವಿ ಬೋನಾಮೆಸ್ ಕ್ಲಬ್‌ನಲ್ಲಿ ಹುಡುಗರ ಜೊತೆಗೇ ಆಡುತ್ತಾ ಬೆಳೆದು, ಆಮೇಲೆ ಮಹಿಳಾ ತಂಡಕ್ಕೆ ಹೋದವರು. ಆ ತಲೆಮಾರಿನ ಬಹಳಷ್ಟು ಆಟಗಾರ್ತಿಯರ ದಾರಿ ಅದೇ.

## ಕ್ಲಬ್ ಆಟ

ಲಿಬೆರೋ ಅಂತ ಎಲ್ಲೋ ಓದಿದೆ. ಡಿಫೆಂಡರ್ ಅಂದ್ರೆ ಎಲ್ಲಿ ನಿಂತು ಆಡ್ತಿದ್ರು?

ಮಧ್ಯದಲ್ಲಿ, ಗೋಲ್‌ಕೀಪರ್ ಮುಂದೆ. ಜರ್ಮನಿಯಲ್ಲಿ ಹಳೇ ಪದ್ಧತಿಯೊಂದಿತ್ತು. ಉಳಿದ ಡಿಫೆಂಡರ್‌ಗಳು ಎದುರಾಳಿ ಫಾರ್ವರ್ಡ್‌ಗಳನ್ನು ಒಬ್ಬೊಬ್ಬರಾಗಿ ಹಿಡಿದುಕೊಳ್ಳುವಾಗ, ಒಬ್ಬ ಆಟಗಾರ್ತಿ ಯಾರನ್ನೂ ಹಿಡಿಯದೆ ಎಲ್ಲರ ಹಿಂದೆ ನಿಲ್ಲುವುದು. ತಪ್ಪಿ ಬಂದ ಚೆಂಡನ್ನೆಲ್ಲ ತೆಗೆಯುವುದು ಅವರ ಕೆಲಸ, ಜಾಗ ಸಿಕ್ಕಾಗ ಚೆಂಡು ತೆಗೆದುಕೊಂಡು ಮುಂದಕ್ಕೆ ನುಗ್ಗುವುದೂ ಅವರದ್ದೇ. ಅದೇ ಲಿಬೆರೋ. ಬೇರೆ ದೇಶಗಳು ಅದನ್ನು ಬಿಟ್ಟ ಮೇಲೂ ಜರ್ಮನ್ನರು ಬಹಳ ಕಾಲ ಬಿಡಲಿಲ್ಲ. ಆಮೇಲೆ ಅಲ್ಲೂ ನಾಲ್ವರ ಸಾಲು ಬಂತು, ಸ್ಟೆಫಿ ಅದರ ನಡುವಿಗೆ ಬಂದರು.

ಎತ್ತರದ ಆಟಗಾರ್ತಿ. ಹಾಗಾಗಿ ಗಾಳಿಯಲ್ಲಿ ಬರುವ ಚೆಂಡಿಗೆ ತಲೆ ಕೊಡುವುದು ಸಹಜವಾಗಿತ್ತು, ತಮ್ಮ ಪೆನಾಲ್ಟಿ ಬಾಕ್ಸ್‌ನಲ್ಲೂ ಸರಿ, ಎದುರಾಳಿಯದ್ದರಲ್ಲೂ ಸರಿ. ನನಗೆ ಹಿಡಿಸುವುದು ಅವರು ಚೆಂಡನ್ನು ಸುಮ್ನೆ ದೂರ ಒದೆಯದೆ ಆಟ ಕಟ್ಟಲು ನೋಡುತ್ತಿದ್ದ ರೀತಿ.

ಯಾವ ಯಾವ ಕ್ಲಬ್‌ಗಳಲ್ಲಿ ಆಡಿದ್ದಾರೆ?

ಪ್ರೌನ್‌ಹೈಮ್, ಎಫ್‌ಎಸ್‌ವಿ ಫ್ರಾಂಕ್‌ಫರ್ಟ್, ನೀಡರ್‌ಕಿರ್ಶೆನ್, ಬಾಡ್ ನೊಯೆನಾರ್, 1. ಎಫ್‌ಎಫ್‌ಸಿ ಫ್ರಾಂಕ್‌ಫರ್ಟ್, ನಡುವೆ ಅಮೆರಿಕದ ವಾಷಿಂಗ್ಟನ್ ಫ್ರೀಡಂ. ಹೆಚ್ಚಿನವು ಫ್ರಾಂಕ್‌ಫರ್ಟ್‌ನವು ಅಥವಾ ಅಲ್ಲಿಂದ ತುಂಬ ದೂರ ಅಲ್ಲದವು. ಕೆಲವರಿಗೆ ಗೊಂದಲ ಆಗುವುದು ಪ್ರೌನ್‌ಹೈಮ್ ಮತ್ತು ಎಫ್‌ಎಫ್‌ಸಿ ವಿಷಯದಲ್ಲಿ. ಎಸ್‌ಜಿ ಪ್ರೌನ್‌ಹೈಮ್‌ನ ಮಹಿಳಾ ವಿಭಾಗವೇ 1999ರ ಜನವರಿಯಿಂದ 1. ಎಫ್‌ಎಫ್‌ಸಿ ಫ್ರಾಂಕ್‌ಫರ್ಟ್ ಅಂತ ಸ್ವತಂತ್ರ ಕ್ಲಬ್ ಆಯಿತು. ಅಂದರೆ 2000ದಲ್ಲಿ ಸ್ಟೆಫಿ ಎಫ್‌ಎಫ್‌ಸಿಗೆ ಬಂದದ್ದು ಹಳೇ ಮನೆಗೇ ವಾಪಸ್ ಬಂದ ಹಾಗೆ. 2007ರವರೆಗೆ ಅಲ್ಲೇ ಇದ್ದರು.

ಆ ಏಳು ವರ್ಷಗಳಲ್ಲಿ ಕ್ಲಬ್ ಐದು ಸಲ ಲೀಗ್ ಗೆದ್ದಿತು: 2001, 2002, 2003, 2005, 2007. ಪಾಟ್ಸ್‌ಡ್ಯಾಮ್‌ನ ಟರ್ಬೀನೆ ತಂಡ ಒಂದೇ ಅವರಿಗೆ ಸರಿಸಾಟಿಯಾಗಿ ನಿಂತದ್ದು.

ಕ್ಲಬ್ ಆಟದಲ್ಲಿ ಅವರ ದೊಡ್ಡ ದಿನ ಯಾವುದು?

2002ರ ಮೇ 23, ಅದರಲ್ಲಿ ನನಗೆ ಎರಡು ಮಾತಿಲ್ಲ. ಈಗ ಮಹಿಳಾ ಚಾಂಪಿಯನ್ಸ್ ಲೀಗ್ ಅಂತೀವಲ್ಲ, ಅದರ ಹಿಂದಿನ ರೂಪ ಯುಇಎಫ್ಎ ಮಹಿಳಾ ಕಪ್. ಅದರ ಮೊಟ್ಟಮೊದಲ ಫೈನಲ್ ನಡೆದದ್ದು ಫ್ರಾಂಕ್‌ಫರ್ಟ್‌ನಲ್ಲೇ. ಎದುರಿಗೆ ಸ್ವೀಡನ್‌ನ ಉಮೆಯೊ. 12 ಸಾವಿರಕ್ಕೂ ಜಾಸ್ತಿ ಜನ ಬಂದಿದ್ದರು, ಆಗಿನ ಕ್ಲಬ್ ಪಂದ್ಯಕ್ಕೆ ಅದು ದೊಡ್ಡ ಸಂಖ್ಯೆ. ಎಫ್‌ಎಫ್‌ಸಿ 2–0 ಅಂತರದಲ್ಲಿ ಗೆದ್ದಿತು. ಎರಡನೇ ಗೋಲು ಪ್ರಿನ್ಸ್ ಅವರದ್ದು. ಮೊದಲನೆಯದು, ಅಂದರೆ ಈ ಟೂರ್ನಿಯ ಫೈನಲ್‌ಗಳ ಇತಿಹಾಸದಲ್ಲೇ ಮೊದಲ ಗೋಲು, ಡಿಫೆಂಡರ್ ಸ್ಟೆಫಿ ಜೋನ್ಸ್ ಅವರದ್ದು. ಅದೇ ಸೀಸನ್‌ನಲ್ಲಿ ಲೀಗ್ ಮತ್ತು ಜರ್ಮನ್ ಕಪ್ ಕೂಡ ಎಫ್‌ಎಫ್‌ಸಿಗೇ ಬಂದವು. ಕೋಚ್ ಮೋನಿಕಾ ಸ್ಟಾಬ್.

2006ರಲ್ಲಿ ಮತ್ತೆ ಅದೇ ಯುರೋಪಿಯನ್ ಕಪ್ ಬಂತು, ಈ ಸಲ ಪಾಟ್ಸ್‌ಡ್ಯಾಮ್ ವಿರುದ್ಧ ಎರಡು ಪಂದ್ಯ ಸೇರಿ 7–2.

ಅಮೆರಿಕಕ್ಕೆ ಯಾಕೆ ಹೋದ್ರು? ಅಪ್ಪನ ದೇಶ ಅಂತಾನಾ?

ಅಪ್ಪನ ದೇಶ ಅನ್ನುವುದಕ್ಕಿಂತ ದೊಡ್ಡ ಕಾರಣ, ಆಗ ಒಳ್ಳೇ ಆಟಗಾರ್ತಿಯರೆಲ್ಲ ಅಲ್ಲಿಗೇ ಹೋಗುತ್ತಿದ್ದರು. 2001ರಲ್ಲಿ ಅಮೆರಿಕದಲ್ಲಿ ಡಬ್ಲ್ಯುಯುಎಸ್‌ಎ ಅಂತ ಎಂಟು ತಂಡಗಳ ಲೀಗ್ ಶುರುವಾಯಿತು. ಆಟಗಾರ್ತಿಯರಿಗೆ ಪೂರ್ತಿ ಸಂಬಳ ಕೊಟ್ಟ ಮೊದಲ ಮಹಿಳಾ ಲೀಗ್ ಅದು. ಸ್ಟೆಫಿ 2002 ಮತ್ತು 2003ರಲ್ಲಿ ವಾಷಿಂಗ್ಟನ್ ಫ್ರೀಡಂ ಪರ ಆಡಿದರು. ಅಮೆರಿಕದ ದೊಡ್ಡ ತಾರೆ ಮಿಯಾ ಹ್ಯಾಮ್ ಇದ್ದ ತಂಡ, ಆಗಷ್ಟೇ ಬಂದ ಅಬಿ ವಾಂಬಾಕ್ ಇದ್ದ ತಂಡ.

2003ರ ಆಗಸ್ಟ್‌ನಲ್ಲಿ ಸ್ಯಾನ್ ಡಿಯೇಗೊದಲ್ಲಿ ನಡೆದ ಫೈನಲ್‌ನಲ್ಲಿ ಅಟ್ಲಾಂಟಾ ತಂಡವನ್ನು 2–1ರಿಂದ ಸೋಲಿಸಿ ಫ್ರೀಡಂ ಚಾಂಪಿಯನ್ ಆಯಿತು. ಎರಡೂ ಗೋಲು ವಾಂಬಾಕ್ ಹೊಡೆದದ್ದು. ಮೂರು ವಾರ ಕಳೆಯುವಷ್ಟರಲ್ಲಿ ಲೀಗೇ ಮುಚ್ಚಿತು, ದುಡ್ಡು ಮುಗಿದಿತ್ತು. ಅದೂ ಅಮೆರಿಕದಲ್ಲೇ ವಿಶ್ವಕಪ್ ಶುರುವಾಗಲು ಐದು ದಿನ ಇರುವಾಗ. ಎಂಥ ಹೊತ್ತು ನೋಡಿ.

## ದೇಶದ ಪರ

ಡಿಫೆಂಡರ್ ಆಗಿ 9 ಗೋಲು ಕಮ್ಮಿ ಅಲ್ಲ. ಅದರಲ್ಲಿ ಮುಖ್ಯವಾದದ್ದು ಯಾವುದು?

1999ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ವಿರುದ್ಧ ಹೊಡೆದದ್ದು. ವಾಷಿಂಗ್ಟನ್ ಹತ್ತಿರದ ಲ್ಯಾಂಡೋವರ್‌ನಲ್ಲಿ ಗುಂಪಿನ ಕೊನೇ ಪಂದ್ಯ. 58ನೇ ನಿಮಿಷದಲ್ಲಿ ಸ್ಟೆಫಿ ಹೊಡೆದ ಗೋಲಿನಿಂದ ಜರ್ಮನಿ 3–2 ಮುಂದಿತ್ತು. ಅದನ್ನು ಉಳಿಸಿಕೊಂಡಿದ್ದರೆ ಗುಂಪಿನಲ್ಲಿ ಮೊದಲ ಸ್ಥಾನ. 90 ನಿಮಿಷ ಮುಗಿದ ಮೇಲೆ ಬ್ರೆಜಿಲ್‌ನ ಮೈಕನ್ ಸಮ ಮಾಡಿದರು, 3–3. ಜರ್ಮನಿ ಎರಡನೇ ಸ್ಥಾನಕ್ಕೆ ಇಳಿಯಿತು. ಹಾಗಾಗಿ ಕ್ವಾರ್ಟರ್ ಫೈನಲ್‌ನಲ್ಲಿ ಸಿಕ್ಕಿದ್ದು ಆತಿಥೇಯ ಅಮೆರಿಕ, ಅದೇ ಮೈದಾನದಲ್ಲಿ. ಎರಡು ಸಲ ಮುಂದೆ ಇದ್ದೂ 3–2ರಿಂದ ಸೋತರು. ಆ ಒಂದು ಕೊನೇ ಗೋಲು ಬೀಳದೇ ಇದ್ದಿದ್ದರೆ ಎದುರಾಳಿ ನೈಜೀರಿಯಾ ಆಗಿರುತ್ತಿತ್ತು. ಈ ಲೆಕ್ಕ ಹಾಕದ ಜರ್ಮನ್ ಅಭಿಮಾನಿ ಇರಲಾರ.

2003ರ ವಿಶ್ವಕಪ್ ಗೆದ್ದವರು ಅಂತೀರಿ, ಆದ್ರೆ ಫೈನಲ್ ಆಡಿದವರ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲವಲ್ಲ?

ಇಲ್ಲ. ಅವರ ವೃತ್ತಿಜೀವನದ ಬಗ್ಗೆ ಒಂದೇ ಪ್ರಶ್ನೆಗೆ ಉತ್ತರ ಕೊಡಬೇಕು ಅಂದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ.

ಆ ವಿಶ್ವಕಪ್ ಚೀನಾದಲ್ಲಿ ನಡೆಯಬೇಕಿತ್ತು. ಸಾರ್ಸ್ ಕಾಯಿಲೆ ಹರಡಿದ್ದರಿಂದ ಕೆಲವೇ ತಿಂಗಳ ಮುಂಚೆ ಅಮೆರಿಕಕ್ಕೆ ಹೋಯಿತು. ಸ್ಟೆಫಿ ಆಗ 30 ವರ್ಷದವರು, ರಕ್ಷಣೆಯ ನಡುವಿನ ಖಾಯಂ ಆಟಗಾರ್ತಿ, ಆಗಷ್ಟೇ ಅಮೆರಿಕದ ಲೀಗ್ ಗೆದ್ದು ಬಂದವರು. ಜರ್ಮನಿ ಮೊದಲು ಕೆನಡಾವನ್ನು 4–1, ಜಪಾನನ್ನು 3–0 ಸೋಲಿಸಿತು. ಮೂರನೇ ಪಂದ್ಯ ಸೆಪ್ಟೆಂಬರ್ 27ರಂದು ಅರ್ಜೆಂಟೀನಾ ವಿರುದ್ಧ, ವಾಷಿಂಗ್ಟನ್‌ನ ಆರ್‌ಎಫ್‌ಕೆ ಮೈದಾನದಲ್ಲಿ. ಅದು ಫ್ರೀಡಂ ತಂಡದ ತವರು ಮೈದಾನ, ಸ್ಟೆಫಿಗೆ ಅಂಗೈಯಷ್ಟು ಪರಿಚಿತ. ಜರ್ಮನಿ 6–1ರಿಂದ ಸುಲಭವಾಗಿ ಗೆದ್ದ ಪಂದ್ಯ. ಆ ಪಂದ್ಯದಲ್ಲೇ ಅವರ ಮಂಡಿಯ ಕ್ರೂಸಿಯೇಟ್ ಲಿಗಮೆಂಟ್ ಹರಿಯಿತು. ಟೂರ್ನಿ ಅಲ್ಲಿಗೇ ಮುಗಿಯಿತು.

ಉಳಿದದ್ದು ಅವರಿಲ್ಲದೆ ನಡೆಯಿತು. ರಷ್ಯಾ ವಿರುದ್ಧ 7–1. ಪೋರ್ಟ್‌ಲೆಂಡ್‌ನಲ್ಲಿ ಸೆಮಿಫೈನಲ್, ಅಮೆರಿಕ ವಿರುದ್ಧ 3–0. ಅದರಲ್ಲಿ ಎರಡು ಗೋಲು ಕೊನೇ ಹೊತ್ತಿನಲ್ಲಿ ಬಿದ್ದದ್ದು, ಅಲ್ಲಿವರೆಗೆ ಜರ್ಮನಿಯ ರಕ್ಷಣೆ ಮೇಲೆ ಅಮೆರಿಕ ಏರಿ ಏರಿ ಬರುತ್ತಿತ್ತು. ಅಕ್ಟೋಬರ್ 12ರಂದು ಕಾರ್ಸನ್‌ನಲ್ಲಿ ಫೈನಲ್. ಸ್ವೀಡನ್ ಮೊದಲು ಗೋಲು ಹೊಡೆಯಿತು, ಬ್ರೇಕ್ ಆದ ಕೂಡಲೇ ಮಾರೆನ್ ಮೈನರ್ಟ್ ಸಮ ಮಾಡಿದರು. ಹೆಚ್ಚುವರಿ ಸಮಯದಲ್ಲಿ ರೆನಾಟೆ ಲಿಂಗೊರ್ ಫ್ರೀ ಕಿಕ್‌ಗೆ ನಿಯಾ ಕ್ಯುನ್ಸರ್ ತಲೆ ಕೊಟ್ಟರು, 2–1. ಜರ್ಮನಿಗೆ ಮಹಿಳಾ ಫುಟ್‌ಬಾಲ್‌ನ ಮೊದಲ ವಿಶ್ವಕಪ್.

ಸ್ಟೆಫಿ ಆ ತಂಡದ ಸದಸ್ಯೆ, ಹಾಗಾಗಿ ವಿಶ್ವಚಾಂಪಿಯನ್. ಅದರಲ್ಲಿ ಅನುಮಾನ ಬೇಡ. ಗುಂಪಿನ ಪಂದ್ಯಗಳನ್ನು ಗೆಲ್ಲಿಸದೆ ಫೈನಲ್ ಎಲ್ಲಿಂದ ಬರುತ್ತೆ? "ಆಡದೇ ಪದಕ ತಗೊಂಡ್ರು" ಅಂತ ಬರೆಯುವವರು ಆ ಮೂರು ಪಂದ್ಯ ನೋಡಿಲ್ಲ ಅಷ್ಟೇ.

ಕ್ಯುನ್ಸರ್ ಗೋಲು ಬಿದ್ದ ತಕ್ಷಣ ಎಲ್ಲರೂ ಕುಣಿದರು, ಸಮಯ ಬಾಕಿ ಇತ್ತಲ್ಲ?

ಅದು ಗೋಲ್ಡನ್ ಗೋಲ್ ನಿಯಮ. ಹೆಚ್ಚುವರಿ ಸಮಯದಲ್ಲಿ ಮೊದಲು ಯಾರು ಗೋಲು ಹೊಡೆಯುತ್ತಾರೋ ಅಲ್ಲಿಗೇ ಪಂದ್ಯ ಮುಗಿಯಿತು. 2004ರಲ್ಲಿ ನಿಯಮ ತೆಗೆದುಹಾಕಿದರು. ತಮಾಷೆ ಅಂದ್ರೆ 2001ರ ಯೂರೋ ಫೈನಲ್ ಕೂಡ ಉಲ್ಮ್‌ನಲ್ಲಿ ಸ್ವೀಡನ್ ವಿರುದ್ಧವೇ, ಗೆದ್ದದ್ದು ಗೋಲ್ಡನ್ ಗೋಲ್‌ನಿಂದಲೇ, ಹೊಡೆದವರು ಕ್ಲೌಡಿಯಾ ಮ್ಯುಲ್ಲರ್. ಎರಡೂ ಬಿದ್ದದ್ದು 98ನೇ ನಿಮಿಷದಲ್ಲಿ. ಸ್ವೀಡನ್‌ನವರಿಗೆ ಈ ತಮಾಷೆ ಹೇಳಬೇಡಿ.

ಮಂಡಿ ಹೋದ ಮೇಲೆ ಆಟ ಮುಗೀತಾ?

ಇಲ್ಲ. ಒಂದು ವರ್ಷದೊಳಗೆ ಅಥೆನ್ಸ್ ಒಲಿಂಪಿಕ್ಸ್ ತಂಡದಲ್ಲಿದ್ದರು. ಸೆಮಿಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ಅಮೆರಿಕಕ್ಕೆ ಸೋತು, ಸ್ವೀಡನ್ ಮೇಲೆ 1–0 ಗೆದ್ದು ಕಂಚು ಬಂತು. 2000ದ ಸಿಡ್ನಿಯಲ್ಲೂ ಕಂಚೇ. 2005ರಲ್ಲಿ ಇಂಗ್ಲೆಂಡ್‌ನಲ್ಲಿ ನಡೆದ ಯೂರೋ ಗೆಲುವು ಅವರ ಮೂರನೆಯದು. ಫೈನಲ್ ಬ್ಲ್ಯಾಕ್‌ಬರ್ನ್‌ನಲ್ಲಿ, ನಾರ್ವೆ ವಿರುದ್ಧ 3–1. 2007ರಲ್ಲಿ ಜರ್ಮನಿ ಒಂದೂ ಗೋಲು ಬಿಟ್ಟುಕೊಡದೆ ಗೆದ್ದ ವಿಶ್ವಕಪ್‌ನ ತಂಡದಲ್ಲಿ ಅವರು ಇರಲಿಲ್ಲ. ಅದೇ ವರ್ಷದ ಕೊನೆಗೆ ಆಟ ಬಿಟ್ಟರು, 35ರ ಹತ್ತಿರ.

## ಆಟ ಬಿಟ್ಟ ಮೇಲೆ

2011ರ ವಿಶ್ವಕಪ್‌ನಲ್ಲಿ ಅವರ ಪಾತ್ರ ಏನು? ಬರೀ ಮುಖ ತೋರಿಸೋಕಾ?

ಸಂಘಟನಾ ಸಮಿತಿಯ ಅಧ್ಯಕ್ಷೆ. 2006ರ ಪುರುಷರ ವಿಶ್ವಕಪ್‌ಗೆ ಫ್ರಾಂಜ್ ಬೆಕೆನ್‌ಬವರ್ ಕೂತಿದ್ದ ಕುರ್ಚಿ ಅದು. ಮುಖ ತೋರಿಸುವುದೂ ಆ ಕೆಲಸದ ಒಂದು ಭಾಗವೇ. ಬರುವ ತಂಡಗಳ ದೇಶಗಳಿಗೆಲ್ಲ ಹೋಗಿ ಆಹ್ವಾನ ಕೊಟ್ಟು ಬಂದರು. ಒಂಬತ್ತು ಊರುಗಳಲ್ಲಿ ಪಂದ್ಯಗಳು ನಡೆದವು. ಬರ್ಲಿನ್‌ನಲ್ಲಿ ಕೆನಡಾ ವಿರುದ್ಧದ ಮೊದಲ ಪಂದ್ಯಕ್ಕೆ 73 ಸಾವಿರಕ್ಕೂ ಹೆಚ್ಚು ಜನ. ಕಾಫಿ ಸೆಟ್ಟಿನಿಂದ ಇಲ್ಲಿಗೆ 22 ವರ್ಷ.

ಜರ್ಮನಿ ತಂಡ ಮಾತ್ರ ವೋಲ್ಫ್ಸ್‌ಬುರ್ಗ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಜಪಾನ್‌ಗೆ 1–0 ಸೋತು ಹೊರಬಿತ್ತು. ಮುಂದೆ ಜಪಾನೇ ಕಪ್ ಗೆದ್ದಿತು, ಫ್ರಾಂಕ್‌ಫರ್ಟ್‌ನಲ್ಲಿ, ಸ್ಟೆಫಿಯ ಊರಿನಲ್ಲಿ. ಆಮೇಲೆ ಡಿಎಫ್‌ಬಿಯಲ್ಲೇ ಮಹಿಳಾ ಫುಟ್‌ಬಾಲ್ ಜವಾಬ್ದಾರಿ ಹೊತ್ತ ನಿರ್ದೇಶಕಿಯಾದರು.

ವೈಯಕ್ತಿಕ ಜೀವನದ ಬಗ್ಗೆ ಏನೇನೋ ಬರೀತಾರೆ, ನಿಜ ಏನು?

ಮುಚ್ಚುಮರೆ ಏನೂ ಇಲ್ಲ. ಅವರು ಸಲಿಂಗಿ, ಅದನ್ನು ಬಹಿರಂಗವಾಗಿಯೇ ಹೇಳಿಕೊಂಡು ಬದುಕುತ್ತಿದ್ದಾರೆ. ಸಂಗಾತಿ ಸಾರ್ವಜನಿಕ ವ್ಯಕ್ತಿ ಅಲ್ಲ, ಆದ್ದರಿಂದ ಇಲ್ಲಿ ಇಷ್ಟೇ.

## ವಾದಕ್ಕೆ ಬೀಳುವ ಪ್ರಶ್ನೆಗಳು

ಕೋಚ್ ಆಗಿ ಫೇಲ್ ಆದ್ರು ಅಂತಾರಲ್ಲ, ನಿಜವಾಗಿ ಆಗಿದ್ದೇನು?

2016ರಲ್ಲಿ ರಿಯೋ ಒಲಿಂಪಿಕ್ಸ್ ಚಿನ್ನ ಗೆದ್ದು ಆಗಿನ ಕೋಚ್ ಸಿಲ್ವಿಯಾ ನೈಡ್ ಹೊರಟರು. ಅವರ ಜಾಗಕ್ಕೆ ಸ್ಟೆಫಿ ಬರುವುದು ಒಂದು ವರ್ಷಕ್ಕೂ ಮುಂಚೆಯೇ ನಿಗದಿಯಾಗಿತ್ತು. ಮೊದಲ ದೊಡ್ಡ ಪರೀಕ್ಷೆ 2017ರ ಯೂರೋ, ನೆದರ್‌ಲೆಂಡ್ಸ್‌ನಲ್ಲಿ. ಜರ್ಮನಿ ಅದಕ್ಕೂ ಮುಂಚೆ ಸತತ ಆರು ಯೂರೋ ಗೆದ್ದಿತ್ತು. ಈ ಸಲ ಸ್ವೀಡನ್ ಜೊತೆ 0–0, ಇಟಲಿ ಮೇಲೆ 2–1, ರಷ್ಯಾ ಮೇಲೆ 2–0. ರೋಟರ್‌ಡ್ಯಾಮ್‌ನಲ್ಲಿ ಡೆನ್ಮಾರ್ಕ್ ವಿರುದ್ಧದ ಕ್ವಾರ್ಟರ್ ಫೈನಲ್ ಮಳೆಯಿಂದ ಮಾರನೇ ದಿನಕ್ಕೆ ಹೋಯಿತು. ಮೂರನೇ ನಿಮಿಷದಲ್ಲೇ ಗೋಲು ಹೊಡೆದ ಜರ್ಮನಿ ಕೊನೆಗೆ 2–1ರಿಂದ ಸೋತಿತು.

ಅಕ್ಟೋಬರ್‌ನಲ್ಲಿ ವೀಸ್‌ಬಾಡೆನ್‌ನಲ್ಲಿ ಐಸ್‌ಲ್ಯಾಂಡ್‌ಗೆ 3–2 ಸೋಲು, ಅದೂ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ, ತವರಿನಲ್ಲಿ. 2018ರ ಮಾರ್ಚ್‌ನಲ್ಲಿ ಅಮೆರಿಕದ ಶೀಬಿಲೀವ್ಸ್ ಕಪ್: ಅಮೆರಿಕಕ್ಕೆ 1–0 ಸೋಲು, ಇಂಗ್ಲೆಂಡ್ ಜೊತೆ 2–2, ಫ್ರಾನ್ಸ್‌ಗೆ 3–0 ಸೋಲು, ನಾಲ್ಕರಲ್ಲಿ ಕೊನೇ ಸ್ಥಾನ. ಅಲ್ಲಿಂದ ಬಂದು ಒಂದು ವಾರದಲ್ಲಿ ಡಿಎಫ್‌ಬಿ ಕೆಲಸದಿಂದ ಇಳಿಸಿತು. ಹೋರ್ಸ್ಟ್ ಹ್ರುಬೆಶ್ ತಾತ್ಕಾಲಿಕವಾಗಿ ಬಂದರು.

ತಪ್ಪು ಯಾರದ್ದು, ಅವರದ್ದೋ ಡಿಎಫ್‌ಬಿಯದ್ದೋ?

ಇಬ್ಬರದ್ದೂ, ಆದರೆ ಸಮಪಾಲು ಅಲ್ಲ. ಯಾವ ದೊಡ್ಡ ತಂಡಕ್ಕೂ ಮುಖ್ಯ ಕೋಚ್ ಆಗಿ ಕೆಲಸ ಮಾಡದವರನ್ನು ಒಲಿಂಪಿಕ್ ಚಾಂಪಿಯನ್ ತಂಡದ ಮೇಲೆ ಕೂರಿಸಿದ್ದು ಸಂಸ್ಥೆ. ಆಟಗಾರ್ತಿಯಾಗಿ ದೊಡ್ಡವರು, ಆಡಳಿತದಲ್ಲಿ ಒಳ್ಳೇ ಹೆಸರು, ಎಲ್ಲರಿಗೂ ಬೇಕಾದವರು, ಸರಿ. ಅದ್ಯಾವುದೂ 70ನೇ ನಿಮಿಷದಲ್ಲಿ ಯಾರನ್ನು ಬದಲಿಸಬೇಕು ಅಂತ ಹೇಳಿಕೊಡುವುದಿಲ್ಲ. ಅದನ್ನು ಕಲಿಯುವ ಜಾಗ ಕ್ಲಬ್ ತಂಡ.

ಅವರ ಪಾಲಿನ ತಪ್ಪು ಅಂದರೆ ಅವಸರ. ನೈಡ್ ಕಾಲದ ಆಟವನ್ನು ಬಿಟ್ಟು ಹೆಚ್ಚು ಆಕ್ರಮಣಕಾರಿ ಆಟ ತರಲು ಹೋದರು. ಆದರೆ ರಿಯೋ ಮುಗಿದ ಮೇಲೆ ಸಾಸ್ಕಿಯಾ ಬಾರ್ಟುಸಿಯಾಕ್, ಅನ್ನಿಕೆ ಕ್ರಾನ್, ಮೆಲಾನಿ ಬೆರಿಂಗರ್ ಮೂವರೂ ನಿವೃತ್ತರಾಗಿದ್ದರು. ಮೊದಲಿಬ್ಬರು ರಕ್ಷಣೆಯ ನಡುವಿನವರು. ಯೂರೋಗೆ ಫಾರ್ವರ್ಡ್ ಅಲೆಕ್ಸಾಂಡ್ರಾ ಪೋಪ್ ಮಂಡಿ ನೋವಿನಿಂದ ಇಲ್ಲ. ಹಿಂದಿನ ಸಾಲು ಹೊಸದು, ಮುಂದೆ ನುಗ್ಗುವ ಆಟ ಹೊಸದು, ಎರಡೂ ಒಟ್ಟಿಗೆ. ಜೀವಮಾನವಿಡೀ ಸೆಂಟರ್ ಬ್ಯಾಕ್ ಆಡಿದವರ ತಂಡವೇ ಹಿಂದೆ ತೂತಾಗಿದ್ದು ನೋಡಿ ನನಗೆ ಬೇಜಾರಾಗಿತ್ತು.

ಇನ್ನೊಂದು ಮಾತು. ಅವರು ಹೋದ ಮೇಲೆ ಎಲ್ಲ ಸರಿಹೋಯಿತಾ? 2019ರ ವಿಶ್ವಕಪ್‌ನಲ್ಲಿ ಕ್ವಾರ್ಟರ್ ಫೈನಲ್‌ನಲ್ಲೇ ಔಟು. 2022ರ ಯೂರೋ ಫೈನಲ್‌ವರೆಗೆ ಹೋದರು, ಸರಿ. 2023ರ ವಿಶ್ವಕಪ್‌ನಲ್ಲಿ ಗುಂಪಿನ ಹಂತವನ್ನೇ ದಾಟಲಿಲ್ಲ. ಉಳಿದ ಯುರೋಪ್ ಓಡಿಬಂದು ಹಿಡಿದಿತ್ತು. ಆ ಬದಲಾವಣೆಯ ಮೊದಲ ಏಟು ಬಿದ್ದದ್ದು ಆ ಹೊತ್ತಿಗೆ ಕುರ್ಚಿಯಲ್ಲಿದ್ದ ಸ್ಟೆಫಿಗೆ.

ಜರ್ಮನಿಯ ಶ್ರೇಷ್ಠ ಡಿಫೆಂಡರ್‌ಗಳಲ್ಲಿ ಅವರನ್ನು ಎಲ್ಲಿ ಇಡ್ತೀರಿ?

ಪಂದ್ಯಗಳ ಲೆಕ್ಕ ಹಿಡಿದರೆ ಮೇಲಿನ ಸಾಲಿಗೆ ಬರುವುದಿಲ್ಲ. ಕೆರ್ಸ್ಟಿನ್ ಸ್ಟೆಗೆಮನ್ 191, ಅರಿಯಾನೆ ಹಿಂಗ್‌ಸ್ಟ್ 174, ಸಾಂಡ್ರಾ ಮಿನ್ನರ್ಟ್ 147, ಡೋರಿಸ್ ಫಿಟ್‌ಶೆನ್ 144. ಸ್ಟೆಫಿ 111. ಆಟದ ಜಾಣತನಕ್ಕೆ ನನ್ನ ಮೊದಲ ಓಟು ಫಿಟ್‌ಶೆನ್‌ಗೆ. ಅವರ ನಂತರ ಯಾರು ಅಂದರೆ ಸ್ಟೆಫಿಯೇ, 2001ರಿಂದ 2003ರ ಸೆಪ್ಟೆಂಬರ್‌ವರೆಗಿನ ಆಟ ನೋಡಿ ಹೇಳುತ್ತಿದ್ದೇನೆ. ಆ ಎರಡೂವರೆ ವರ್ಷದಲ್ಲಿ ಅವರು ಇದ್ದ ತಂಡಗಳು ಯೂರೋ, ಯುಇಎಫ್ಎ ಕಪ್, ಮೂರು ಜರ್ಮನ್ ಲೀಗ್, ಅಮೆರಿಕದ ಲೀಗ್ ಎಲ್ಲ ಗೆದ್ದವು. ಒಪ್ಪದವರು ಹಿಂಗ್‌ಸ್ಟ್ ಹೆಸರು ಹೇಳುತ್ತಾರೆ, ಅದಕ್ಕೂ ಒಳ್ಳೇ ಕಾರಣಗಳಿವೆ.

ಒಂದೇ ಪಂದ್ಯ ಹುಡುಕಿ ನೋಡೋದಾದ್ರೆ ಯಾವುದು?

1999ರ ಜರ್ಮನಿ–ಬ್ರೆಜಿಲ್. ಸಿಸ್ಸಿ, ಕಾಟಿಯಾ, ಪ್ರೆಟಿನ್ಯಾ ಇದ್ದ ಬ್ರೆಜಿಲ್ ಎದುರು ಆರು ಗೋಲು ಬಿದ್ದ ಪಂದ್ಯ, ಡಿಫೆಂಡರ್‌ಗಳಿಗೆ ಉಸಿರಾಡಲೂ ಬಿಡುವಿಲ್ಲ. ಚೆಂಡು ಎಲ್ಲಿದೆ ಅಂತ ನೋಡುವುದನ್ನು ಸ್ವಲ್ಪ ಹೊತ್ತು ಬಿಟ್ಟು, ಚೆಂಡು ಇನ್ನೊಂದು ತುದಿಯಲ್ಲಿದ್ದಾಗ ಸ್ಟೆಫಿ ಎಲ್ಲಿ ನಿಂತಿದ್ದಾರೆ ಅಂತ ನೋಡಿ. 58ನೇ ನಿಮಿಷದ ಗೋಲು ಹೇಗೂ ಕಣ್ಣಿಗೆ ಬೀಳುತ್ತದೆ.